ಹಗೇವಿನ ಬಾಯಿ

“ಹೋಗೋದಾದ್ರ ಹೋಗ್ರಿ ಮೇಡಂ. ಆದ್ರ ಕೆಳಗಿಂದ ಯಾರರ ಕೂಗಿದ್ರ ಓ ಅನಬ್ಯಾಡ್ರಿ.”

ಇಷ್ಟು ಹೇಳಿ ತಾಯಪ್ಪ ಬೀಡಿಯ ತುಂಡನ್ನು ಕಾಲಡಿ ಹಾಕಿ ಹೊಸಕಿದ. ಎಪ್ಪತ್ತು ದಾಟಿದ ಮುದುಕ. ಕರೇಕೋಟೆಯ ಯಾವ ಬಾವಿಯನ್ನು ಯಾರು ತೋಡಿದರು, ಯಾವ ಗೋಡೆಯ ಕಲ್ಲು ಯಾವ ಹಾಳು ಗುಡಿಯಿಂದ ಬಂತು ಎಂಬುದನ್ನು ಅವನಷ್ಟು ಬಲ್ಲವರು ಆ ಸಣ್ಣ ಊರಲ್ಲಿ ಇರಲಿಲ್ಲ. ಆರು ತಿಂಗಳಿಂದ ಸುಷ್ಮಿತಾ ಅವನ ಮಾತುಗಳನ್ನು ಒಂದಕ್ಷರ ಬಿಡದೆ ಬರೆದುಕೊಂಡಿದ್ದಳು. ಈ ಮಾತನ್ನು ಮಾತ್ರ ಬರೆದುಕೊಳ್ಳಲಿಲ್ಲ. ನಕ್ಕು ಪೆನ್ನಿನ ಮುಚ್ಚಳ ಹಾಕಿದಳು.

ಅವಳು ಹೊಸಪೇಟೆಯವಳು. ಜೂನ್ ತಿಂಗಳಲ್ಲಿ ಕರೇಕೋಟೆಯ ಹೈಸ್ಕೂಲಿಗೆ ಸಮಾಜ ವಿಜ್ಞಾನದ ಶಿಕ್ಷಕಿಯಾಗಿ ಬಂದಿದ್ದಳು. ಸಂಡೂರಿನಿಂದ ಚೋರನೂರಿನ ಕಡೆಗೆ ಹೋಗುವ ಬಸ್ಸು ಇಳಿಸಿ ಹೋಗುವ ಊರು ಅದು. ಅದಿರಿನ ಲಾರಿಗಳ ಕೆಂಪು ದೂಳು ಬೇವಿನ ಎಲೆಯ ಮೇಲೆ, ಬಾಗಿಲ ಮೇಲೆ, ದನಗಳ ಬೆನ್ನ ಮೇಲೆ, ಬೆಳಿಗ್ಗೆ ಹೋಟೆಲಿನಲ್ಲಿ ತಿನ್ನುವ ಮಂಡಾಳು ಒಗ್ಗರಣೆಯ ಮೇಲೆ ಕೂರುತ್ತಿತ್ತು. ಪ್ರತಿ ಭಾನುವಾರ ಅವಳು ಆ ದೂಳಿನಲ್ಲಿ ನಡೆಯುತ್ತಿದ್ದಳು. ಒಂದು ದಿನಕ್ಕೆ ಒಂದು ಓಣಿ. ಹೆಜ್ಜೆ ಎಣಿಸಿ ನಕಾಶೆ ಬರೆಯುವುದು, ಕಟ್ಟೆಯ ಮೇಲೆ ಕುಳಿತವರನ್ನು ಮಾತಾಡಿಸುವುದು, ಅವರು ಹೇಳಿದ್ದನ್ನು ಮುಂದಿನ ವಾರ ಮಕ್ಕಳಿಗೆ ಓದಿ ಹೇಳುವುದು. ಊರಿನ ಚರಿತ್ರೆ ಎಂದು ಯಾರೋ ಹಿಂದೆ ಅಚ್ಚು ಹಾಕಿಸಿದ್ದ ಪುಸ್ತಕದಲ್ಲಿ ಕೋಟೆ ಇತ್ತು, ಊರ ಒಡೆಯರ ಮನೆಯಾದ ವಾಡೆ ಇತ್ತು, ವಾಡೆಯ ಯಜಮಾನರ ಹನ್ನೊಂದು ತಲೆಮಾರು ಇತ್ತು. ದಲಿತರ ಕೇರಿ ಇರಲೇ ಇಲ್ಲ.

ಅದನ್ನು ಓದಿದ ದಿನ ಹತ್ತಿದ ಸಿಟ್ಟು ಅವಳಿಗೆ ಇಳಿದಿರಲಿಲ್ಲ. ಅವಳ ತಂದೆಯೂ ಕೇರಿಯವನೇ, ಸಕ್ಕರೆ ಕಾರ್ಖಾನೆಯಲ್ಲಿ ಕೂಲಿಯಾಗಿದ್ದವನು. ಅವಳು ಮೂರನೇ ತರಗತಿಯಲ್ಲಿದ್ದಾಗ ಮನೆಯ ದೇವರ ಗೂಡು ಖಾಲಿ ಮಾಡಿ ಅಲ್ಲಿ ಬುದ್ಧನ ಫೋಟೊ ಇಟ್ಟಿದ್ದ. ದಾರಿಯಲ್ಲಿ ಮಂತ್ರಿಸಿ ಬಿಸಾಕಿದ ನಿಂಬೆಹಣ್ಣು ಕಂಡರೆ ಬೇಕೆಂದೇ ತುಳಿದು ದಾಟು ಎಂದು ಮಗಳಿಗೆ ಕಲಿಸಿದ್ದ. ಅವಳು ಎಷ್ಟೋ ತುಳಿದಿದ್ದಳು. ಏನೂ ಆಗಿರಲಿಲ್ಲ.

ಈಗ ವಾಡೆಯಲ್ಲಿ ಇದ್ದವರು ಇಬ್ಬರೇ. ಶಾಂತಕ್ಕ ಎಂಬ ವಿಧವೆ, ಮತ್ತು ಅವಳ ಒಬ್ಬನೇ ಮಗ ಕಿರಣ್ ಕುಮಾರ್. ಮೂವತ್ತರ ಆಸುಪಾಸಿನ ಕಿರಣ್ ಕುಮಾರ್ ಹಂಪಿಗೆ ಬರುವ ಪ್ರವಾಸಿಗರನ್ನು ಇಲ್ಲಿಗೂ ಕರೆಸಬೇಕೆಂದು ವಾಡೆಗೆ ಸುಣ್ಣಬಣ್ಣ ಮಾಡಿಸಿ ವಸತಿಗೃಹ ಮಾಡುತ್ತಿದ್ದ. ತಿಂಗಳ ಹಿಂದೆ ಶಾಲೆಗೆ ಬಂದು, ಹಿತ್ತಲಿನ ಹಗೇವುಗಳ ಬಯಲಿನಲ್ಲಿ ಒಂದು ಫಲಕ ನಿಲ್ಲಿಸಬೇಕು, ಒಳ್ಳೆಯ ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಡಿ ಎಂದು ಕೇಳಿದ್ದ. ಏನು ಬರೆಯಬೇಕೆಂಬುದನ್ನೂ ಅವನೇ ಹೇಳಿದ್ದ. ಧಾತು ವರ್ಷದ ದೊಡ್ಡ ಬರದಲ್ಲಿ ವಾಡೆಯವರು ಏಳೂ ಹಗೇವು ತೆರೆದು ಇಡೀ ಊರನ್ನು ಸಾಕಿದರು ಅಂತ. ಅದಕ್ಕೆ ಆಧಾರವೇನು ಎಂದು ಅವಳು ಕೇಳಿದರೆ, ನೀವೇ ನಡೆದು ಹುಡುಕ್ತೀರಲ್ಲ, ಸಿಗ್ತದೆ ಬಿಡಿ ಎಂದು ನಕ್ಕಿದ್ದ.

ಅವಳು ಹುಡುಕಿಕೊಂಡು ಬಂದದ್ದು ತಾಯಪ್ಪನ ಹತ್ತಿರ. ಡಿಸೆಂಬರಿನ ಆ ಭಾನುವಾರ ಬೆಳಿಗ್ಗೆ ತಾಯಪ್ಪ ಹೇಳಿದ್ದು ಬೇರೆಯದೇ.

ಹಗೇವು ಎಂದರೆ ನೆಲದೊಳಗಿನ ಕಣಜ. ಮೇಲೆ ಒಬ್ಬರು ಇಳಿಯುವಷ್ಟು ಕಿರಿದಾದ ಬಾಯಿ, ಕೆಳಗೆ ನಲವತ್ತು ಚೀಲ ಜೋಳ ಹಿಡಿಯುವ ಹೊಟ್ಟೆ. ತುಂಬಿ, ಚಪ್ಪಡಿ ಎಳೆದು, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡದು. ಅದರೊಳಗೆ ಇಳಿಯುವ ಕೆಲಸ ಕೇರಿಯವರದು. ಒಳಗಿನ ಕೆಟ್ಟ ಗಾಳಿಗೆ ಸತ್ತರೆ ಸಾಯುವವರೂ ಅವರೇ. ಬರದ ವರ್ಷ ವಾಡೆಯ ಏಳೂ ಹಗೇವು ತುಂಬಿದ್ದವು. ಇಳಿಯುತ್ತಿದ್ದವಳು ಹುಲುಗಮ್ಮ, ಸಣ್ಣ ಮೈಯ ಹೆಂಗಸು. ಕೇರಿಯ ಮಕ್ಕಳು ಕತ್ತಾಳೆಯ ಗೆಡ್ಡೆ ಬೇಯಿಸಿ ತಿಂದು ಭೇದಿಯಾಗಿ ಸಾಯುತ್ತಿದ್ದಾಗ ಅವಳು ಮೇಲೆ ಬರುವಾಗ ಒಂದೊಂದು ಹಿಡಿ ಜೋಳವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದಳು. ಸಿಕ್ಕಿಬಿದ್ದಳು. ವಾಡೆಯ ಯಜಮಾನ ಬೈಯಲಿಲ್ಲ, ಹೊಡೆಯಲಿಲ್ಲ. ಮಾರನೆಯ ದಿನ ಎಂದಿನಂತೆ ಹಗ್ಗ ಕಟ್ಟಿ ಆಗಲೇ ಕಾಳು ತೆಗೆದು ಬರಿದಾಗಿದ್ದ ಏಳನೆಯ ಹಗೇವಿಗೆ ಇಳಿಸಿದ. ಹಗ್ಗ ಮೇಲೆಳೆದುಕೊಂಡ. ಚಪ್ಪಡಿ ಎಳೆಸಿದ.

ಮೂರು ದಿನ ಅವಳು ಕೂಗಿದಳು. ಊರಿನವರ ಒಬ್ಬೊಬ್ಬರ ಹೆಸರು ಹಿಡಿದು ಕರೆದಳು. ಓಗೊಟ್ಟವರ ಮನೆಗೆ ಕಾಳಿಲ್ಲ ಎಂದು ಯಜಮಾನ ಡಂಗುರ ಹೊಡೆಸಿದ. ಯಾರೂ ಓಗೊಡಲಿಲ್ಲ. ಅವಳ ಗಂಡನೂ ಓಗೊಡಲಿಲ್ಲ, ಅವನ ತೊಡೆಯ ಮೇಲೆ ಎರಡು ಮಕ್ಕಳಿದ್ದವು. ಮೂರನೆಯ ದಿನ ಮಧ್ಯಾಹ್ನ ಅವಳು ಹೆಸರು ಕರೆಯುವುದನ್ನು ನಿಲ್ಲಿಸಿ ಶಾಪ ಹಾಕಿದಳು. ಈ ವಾಡೆಯವರ ಬಾಯಿ ಮುಚ್ಚಲಿ, ಬಾಯಿಗಿಟ್ಟ ಕೂಳು ಮಣ್ಣಾಗಲಿ ಅಂತ. ತಿಂಗಳೊಳಗೆ ಯಜಮಾನನ ಇಬ್ಬರು ಗಂಡುಮಕ್ಕಳು ದವಡೆ ಕಚ್ಚಿಕೊಂಡು, ತುಂಬಿದ ತಟ್ಟೆಯ ಮುಂದೆ ಕುಳಿತು, ಹಸಿದು ಸತ್ತರು. ಆಮೇಲೆ ಎಲ್ಲಿಂದಲೋ ಒಬ್ಬ ಮಾಂತ್ರಿಕನನ್ನು ಕರೆಸಿದರು.

ಇಲ್ಲಿಗೆ ಸುಷ್ಮಿತಾ ಕೈಯೆತ್ತಿ ತಡೆದಳು. ಮಾಂತ್ರಿಕನ ಕತೆ ತನಗೆ ಬೇಡ, ಹುಲುಗಮ್ಮನ ಕತೆ ಸಾಕು ಎಂದಳು. ಕೊಲೆಯೊಂದನ್ನು ದೆವ್ವದ ಕತೆ ಮಾಡಿದರೆ ಕೊಂದವರಿಗೇ ಲಾಭ, ನೂರೈವತ್ತು ವರ್ಷ ನೀವೆಲ್ಲ ಹೆದರಿಕೊಂಡು ಆ ಬಯಲಿನಿಂದ ದೂರ ಉಳಿದದ್ದೇ ಅವರಿಗೆ ಬೇಕಾಗಿದ್ದು ಎಂದಳು. ತಾಯಪ್ಪ ಓ ಅನಬೇಡಿ ಎಂಬ ಮಾತನ್ನು ಮತ್ತೊಮ್ಮೆ, ಇನ್ನೂ ಮೆಲ್ಲಗೆ ಹೇಳಿದ.

ಅವಳು ಬಯಲಿಗೆ ಹೋದಾಗ ಮಟಮಟ ಮಧ್ಯಾಹ್ನ.

ವಾಡೆಯ ಹಿತ್ತಲಗೋಡೆ ದಾಟಿದರೆ ಜಾಲಿ ಬೆಳೆದ ಒಂದು ದಿಬ್ಬ. ಕಾಲಡಿಯ ನೆಲ ಟೊಳ್ಳಾಗಿ ಸದ್ದು ಮಾಡಿತು. ಆರು ಹಗೇವುಗಳು ಬಾಯಿ ತೆರೆದುಕೊಂಡು ಬಿದ್ದಿದ್ದವು, ಒಳಗೆ ಮುಳ್ಳು, ಗುಟ್ಕಾ ಚೀಟಿ, ಪ್ಲಾಸ್ಟಿಕ್. ಏಳನೆಯದರ ಮೇಲೆ ಮಾತ್ರ ಚಪ್ಪಡಿ. ಅದರ ಸುತ್ತ ನೆಲಕ್ಕೆ ಬಡಿದ ಏಳು ಕಬ್ಬಿಣದ ಕೀಲುಗಳು, ಒಂದೊಂದೂ ಹೆಬ್ಬೆರಳಿನ ದಪ್ಪ. ಅವುಗಳಿಗೆ ತುಕ್ಕು ಹಿಡಿದಿರಲಿಲ್ಲ. ಎಣ್ಣೆ ಹಚ್ಚಿದಂತೆ ಕಪ್ಪಗೆ ಹೊಳೆಯುತ್ತಿದ್ದವು. ಇಷ್ಟು ವರ್ಷವಾದರೂ ತುಕ್ಕು ಯಾಕಿಲ್ಲ ಎಂದು ಅವಳಿಗೆ ಅನ್ನಿಸಿತು, ಬರೆದುಕೊಂಡಳು. ಚಪ್ಪಡಿಯ ಒಂದು ಮೂಲೆ ಮುರಿದು ಅಂಗೈ ಅಗಲದ ಸಂದು ಬಿದ್ದಿತ್ತು. ಬೆಂಕಿಕಡ್ಡಿ ಗೀರಿ ಸಂದಿಗೆ ಹಿಡಿದಳು. ಜ್ವಾಲೆ ಪಟ್ಟನೆ ಸತ್ತಿತು. ಇನ್ನೊಂದು ಗೀರಿದಳು. ಅದೂ ಸತ್ತಿತು. ಕೊಳೆತ ಕಾಳಿನ ಗ್ಯಾಸು, ಅಷ್ಟೇ, ಎಂದು ಅವಳು ಗಟ್ಟಿಯಾಗಿ ಹೇಳಿ ನಕ್ಕಳು. ಊರನ್ನೆಲ್ಲ ಹೆದರಿಸಿದ ಭೂತ ಎಂಟನೇ ತರಗತಿಯ ವಿಜ್ಞಾನದ ಪುಸ್ತಕದಲ್ಲಿತ್ತು.

ನಕ್ಕ ಸದ್ದು ಮುಗಿಯುವ ಮೊದಲೇ ಬೇರೆ ಸದ್ದುಗಳು ನಿಂತಿದ್ದವು.

ಮೊದಲು ಗಮನಕ್ಕೆ ಬಂದದ್ದು ಲಾರಿಗಳು. ದೂರದ ರಸ್ತೆಯ ಗುಂಯ್‌ಗುಡುವಿಕೆ ಇಲ್ಲ. ಆಮೇಲೆ ಕಾಗೆಗಳು. ಆಮೇಲೆ ವಾಡೆಯೊಳಗೆ ಬಣ್ಣ ಬಳಿಯುವವರು ಹಚ್ಚಿದ್ದ ಹಾಡು. ನೆತ್ತಿಯ ಮೇಲೆ ಬಿಸಿಲು ಸುಡುತ್ತಿತ್ತು, ಕಾಲಿನ ಸುತ್ತ ನೆರಳೇ ಇರಲಿಲ್ಲ. ಸಂದಿಯಿಂದ ವಾಸನೆ ಎದ್ದಿತು. ಮುಗ್ಗಿದ ಜೋಳದ್ದು, ಹುಳಿ ಹಿಡಿದ ಹಿಟ್ಟಿನದು, ಅದರ ಕೆಳಗೆ ತೊಳೆಯದ ತಲೆಗೂದಲಿನದು.

“ಮ್ಯಾಲ ಯಾರದೀರವ್ವಾ?”

ಹೆಂಗಸಿನ ದನಿ. ಒಣಗಿದ ಗಂಟಲು. ಆಳದಿಂದ ಬಂತು.

ಸುಷ್ಮಿತಾ ಹೆದರಲಿಲ್ಲ. ಹೆದರಿದ್ದರೆ ಉಳಿಯುತ್ತಿದ್ದಳೇನೋ. ಯಾರೋ ಪಕ್ಕದ ಹಗೇವಿಗೆ ಬಿದ್ದಿದ್ದಾರೆ, ಕೆಳಗೆ ಒಂದಕ್ಕೊಂದು ಕೂಡಿಕೊಂಡಿರಬೇಕು, ಕಟ್ಟಿಗೆಗೆ ಬಂದ ಹೆಂಗಸೇ ಇರಬೇಕು, ಒಳಗೆ ಗ್ಯಾಸಿದೆ, ಹೆಚ್ಚು ಹೊತ್ತಿಲ್ಲ. ತಲೆಯಲ್ಲಿ ಓಡಿದ್ದು ಇಷ್ಟೇ. ಮಣ್ಣಿಗೆ ಮೊಣಕಾಲೂರಿದಳು. ಸಂದಿಗೆ ಬಾಯಿ ತಂದಳು.

“ಓ, ನಾ ಅದೀನಿ. ಸುಷ್ಮಿತಾ. ಹೆದರಬ್ಯಾಡ್ರಿ, ಹಗ್ಗ ತರಸ್ತೀನಿ.”

ಕೆಳಗೆ ಯಾರೋ ಉಸಿರು ಒಳಗೆಳೆದುಕೊಂಡರು. ದೀರ್ಘವಾಗಿ. ನಿಲ್ಲಲೇ ಇಲ್ಲ. ಚಪ್ಪಡಿಯ ಮೇಲಿನ ದೂಳು ಸಂದಿಯ ಕಡೆಗೆ ಹರಿಯಿತು. ಅವಳ ಕೂದಲು ಮುಂದಕ್ಕೆ ಹಾರಿತು. ಅವಳ ಎದೆಯೊಳಗಿನ ಉಸಿರನ್ನೂ ಯಾರೋ ಎಳೆದಂತಾಯಿತು. ಹಿಂದೆ ಸರಿಯಲು ನೋಡಿದಳು. ಕುತ್ತಿಗೆ ಏಳಲಿಲ್ಲ. ಕತ್ತಲೊಳಗೆ ಏನೋ ಹತ್ತುತ್ತಿತ್ತು. ಉಗುರಿನ ಸದ್ದು. ಗೋಡೆ ಕೆರೆಯುವ ಸದ್ದು. ಹತ್ತಿರ. ಇನ್ನೂ ಹತ್ತಿರ. ನಾಲಿಗೆಯ ಮೇಲೆ ಒಂದು ಹಿಡಿ ಏನೋ ಬಿತ್ತು. ಒಣ ಪುಡಿ. ಕಹಿ. ಉಗುಳಲು ನೋಡಿದಳು. ಹಲ್ಲಿಗೆ ಹಲ್ಲು ಬಡಿಯಿತು. ದವಡೆ ಕಚ್ಚಿತು.

ಒಮ್ಮೆಲೇ ಲಾರಿಗಳ ಸದ್ದು ತಿರುಗಿ ಬಂತು. ಅವಳು ಅಂಗಾತ ಬಿದ್ದಿದ್ದಳು. ಬಾಯಿ ತೆರೆಯಲು ಬರಲಿಲ್ಲ.

ಸಂಡೂರಿನ ಡಾಕ್ಟರು ಧನುರ್ವಾಯು ಎಂದರು, ಇಂಜೆಕ್ಷನ್ ಕೊಟ್ಟರು. ಹೊಸಪೇಟೆಯ ಡಾಕ್ಟರು ಧನುರ್ವಾಯು ಅಲ್ಲ ಎಂದರು. ರಕ್ತ ಸರಿಯಿತ್ತು, ನರ ಸರಿಯಿತ್ತು. ಎರಡು ದಿನ ಗ್ಲೂಕೋಸು ಹಾಕಿದರು, ಹಾಕಿದಷ್ಟೂ ತೋಳು ಊದಿಕೊಂಡಿತೇ ಹೊರತು ಮೈಗೆ ಶಕ್ತಿ ಬರಲಿಲ್ಲ. ಹಲ್ಲಿನ ಸಂದಿಯಿಂದ ನೀರು ಇಳಿಯುತ್ತಿತ್ತು. ಗಂಜಿ ಬಿಟ್ಟರೆ ಮಣ್ಣಾಗುತ್ತಿತ್ತು. ರುಚಿ ಮಣ್ಣಿನಂತಿದ್ದದ್ದಲ್ಲ, ಮಣ್ಣೇ. ತಾಯಿ ಅವಳ ತುಟಿ ಒರೆಸಿದ ಬಟ್ಟೆಯಲ್ಲಿ ಕಪ್ಪು ಎರೆಮಣ್ಣು ಇತ್ತು. ಕರೇಕೋಟೆಯ ಸುತ್ತ ಹತ್ತು ಮೈಲಿಯೂ ಕೆಂಪು ನೆಲ. ಎರೆಮಣ್ಣು ಸಿಗುವುದು ಹಗೇವಿನ ಒಳಗೋಡೆಗೆ ಮೆತ್ತಿದ ಮಣ್ಣಿನಲ್ಲಿ ಮಾತ್ರ. ಇದನ್ನು ಅವಳೇ ತನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದಳು.

ನಾಲ್ಕನೆಯ ದಿನ, ಬುಧವಾರ, ಅವಳು ತಾಯಿಯ ಕೈ ಬಿಡಿಸಿಕೊಂಡು ಬಸ್ಸು ಹತ್ತಿ ತಾಯಪ್ಪನ ಬಾಗಿಲಿಗೆ ಬಂದಳು. ಹಲ್ಲು ಕಚ್ಚಿದ ಬಾಯಿ ನೋಡಿ ತಾಯಪ್ಪನ ಹೆಂಡತಿ ಹೊನ್ನೂರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ತಾಯಪ್ಪ ಅವಳನ್ನು ಕಟ್ಟೆಯ ಮೇಲೆ ಕೂರಿಸಿದ. ಆಮೇಲೆ, ಅವಳು ಅಂದು ತಡೆದ ಕತೆಯ ಉಳಿದ ಭಾಗವನ್ನು ಹೇಳಿದ.

ಮಾಂತ್ರಿಕನಿಂದಲೂ ಶಾಪವನ್ನು ಅಳಿಸಲು ಆಗಲಿಲ್ಲ. ಅದನ್ನು ತಿರುಗಿಸಿದ. ಏಳು ಕೀಲು ಬಡಿದು, ಶಾಪ ವಾಡೆಯ ಕಡೆ ಹೋಗದಂತೆ ಕಟ್ಟಿ, ಹುಲುಗಮ್ಮನ ಕೂಗಿಗೆ ಓಗೊಟ್ಟವರ ಮೇಲೆ ಬೀಳುವಂತೆ ಮಾಡಿದ. ಓಗೊಡುವವರು ಯಾರು? ನೆಲದೊಳಗಿಂದ ಹೆಂಗಸೊಬ್ಬಳು ಕೂಗಿದರೆ ಕರುಳು ಚುರ್ ಎನ್ನುವವರು ಅವಳ ಕೇರಿಯವರೇ ತಾನೇ. ಅಂದಿನಿಂದ ಸತ್ತವರು ಹನ್ನೊಂದು ಮಂದಿ, ಹನ್ನೊಂದೂ ಕೇರಿಯವರು. ತಾಯಪ್ಪನ ಅಕ್ಕ ಜಂಬವ್ವ ಹನ್ನೊಂದನೆಯವಳು. ಕುರಿ ಹುಡುಕುತ್ತಾ ಹೋದವಳು, ಅಯ್ಯೋ ಯಾರೋ ಬಿದ್ದಾರ ಎಂದು ಓಗೊಟ್ಟಳು. ಒಂಬತ್ತನೆಯ ದಿನ ಸತ್ತಳು. ಎಲ್ಲರೂ ಒಂಬತ್ತನೆಯ ದಿನವೇ ಸತ್ತರು.

ಸುಷ್ಮಿತಾ ಪುಸ್ತಕ ತೆಗೆದು ಬರೆದಳು: ಕೀಲು ಕಿತ್ತರೆ?

ತಾಯಪ್ಪ ಬಲಗೈ ಬಿಚ್ಚಿ ತೋರಿಸಿದ. ಅಂಗೈಯ ಚರ್ಮ ಸುಟ್ಟು ಮುದುಡಿ ಬೆಳ್ಳಗಾಗಿತ್ತು. ಅಕ್ಕನನ್ನು ಮಣ್ಣು ಮಾಡಿದ ದಿನ ಹಾರೆ ಹಿಡಿದು ಹೋಗಿದ್ದನಂತೆ. “ನಮ್ಮ ಕೈಗೆ ಬರಂಗಿಲ್ಲವ್ವ. ಬಡಸಿದ ಮನಿತನದವರ ಕೈಲೇ ಕೀಳಬೇಕು. ಕಿತ್ರ ಶಾಪ ಅವರ ಮನಿಗೇ ಹೋಕ್ಕೈತಿ.” ಮೂರು ತಲೆಮಾರು ವಾಡೆಯ ಬಾಗಿಲಿಗೆ ಹೋಗಿ ಕೈಮುಗಿದು ಕೇಳಿದ್ದರು. ಅದೆಲ್ಲ ಮೂಢನಂಬಿಕೆ, ಓದು ಕಲೀರಿ ಎಂದು ವಾಡೆಯವರು ಬುದ್ಧಿ ಹೇಳಿ ಕಳಿಸಿದ್ದರು.

ಅವಳು ಎದ್ದು ಸೀದಾ ವಾಡೆಗೆ ನಡೆದಳು. ಮೂರು ಕಡೆ ಕುಳಿತು ಸುಧಾರಿಸಿಕೊಳ್ಳಬೇಕಾಯಿತು. ಬೇಡಿಕೊಳ್ಳುವ ಮನಸ್ಸು ಅವಳಿಗೆ ಆಗಲೂ ಇತ್ತು. ಕಾಲು ಹಿಡಿಯಲೂ ತಯಾರಿದ್ದಳು.

ಆ ದಿನ ಅಮಾವಾಸ್ಯೆ. ವಾಡೆಯ ಬಾಗಿಲಲ್ಲಿ ಯಾರೂ ಕಾಣದೆ ಅವಳು ಗೋಡೆಯ ಬದಿಯಿಂದ ಬಯಲಿಗೆ ಬಂದಳು. ಏಳನೆಯ ಹಗೇವಿನ ಪಕ್ಕ ಶಾಂತಕ್ಕ ಕುಕ್ಕರಗಾಲಲ್ಲಿ ಕುಳಿತಿದ್ದಳು. ಮಡಿ ಸೀರೆ, ಕೈಯಲ್ಲಿ ಹಿತ್ತಾಳೆಯ ಗಿಂಡಿ. ಒಂದೊಂದು ಕೀಲಿಗೂ ಎಣ್ಣೆ ಬಿಟ್ಟು, ಅರಿಶಿನ ಹಚ್ಚಿ, ತುಕ್ಕು ಕಂಡಲ್ಲಿ ಸೆರಗಿನ ತುದಿಯಿಂದ ತಿಕ್ಕುತ್ತಿದ್ದಳು. ಮಗುವಿಗೆ ಎಣ್ಣೆ ಹಚ್ಚುವಷ್ಟು ಜೋಪಾನ. ಹೆಜ್ಜೆಯ ಸದ್ದಿಗೆ ತಲೆಯೆತ್ತಿದಳು. ಸುಷ್ಮಿತಾಳ ಬಿಗಿದ ದವಡೆ ನೋಡಿದಳು. ಗುಳಿಬಿದ್ದ ಕಣ್ಣು ನೋಡಿದಳು. ಅವಳಿಗೆ ಅರ್ಥವಾಯಿತು. ಅರ್ಥವಾದದ್ದು ಸುಷ್ಮಿತಾಳಿಗೂ ಕಂಡಿತು.

“ನಿನಗ್ಯಾರು ಓ ಅನ್ನು ಅಂದಿದ್ರು?” ಎಂದಳು ಶಾಂತಕ್ಕ.

ಅದರಲ್ಲಿ ಸಿಟ್ಟಿರಲಿಲ್ಲ, ಕನಿಕರವೂ ಇರಲಿಲ್ಲ. ಕೆಲಸದವಳು ಪಾತ್ರೆ ಒಡೆದಾಗ ಆಡುವ ದನಿ ಅದು. ಸುಷ್ಮಿತಾ ಕೈಸನ್ನೆಯಿಂದ ಕೀಲು ತೋರಿಸಿದಳು, ಕೈಮುಗಿದಳು. ಶಾಂತಕ್ಕ ಉಳಿದಿದ್ದ ಏಳನೆಯ ಕೀಲಿಗೆ ಎಣ್ಣೆ ಬಿಟ್ಟಳು. ತನಗೆ ಇರುವುದು ಒಬ್ಬನೇ ಮಗ ಎಂದಳು. ಆಮೇಲೆ, ನಿಮ್ಮವರಿಗೆ ಇದೆಲ್ಲ ಹೊಸದಲ್ಲವಲ್ಲ ಎಂದಳು. ಗಿಂಡಿ ಎತ್ತಿಕೊಂಡು ಒಳಗೆ ಹೋದಳು.

ಸುಷ್ಮಿತಾ ಅಲ್ಲೇ ನಿಂತಿದ್ದಳು. ಹಸಿವಿನಿಂದ ಕಣ್ಣು ಕತ್ತಲಿಡುತ್ತಿತ್ತು. ಆದರೆ ತಲೆ ಎಂದೂ ಇಲ್ಲದಷ್ಟು ತಿಳಿಯಾಗಿತ್ತು. ಇವರಿಗೆ ಗೊತ್ತಿತ್ತು. ಪ್ರತಿ ಅಮಾವಾಸ್ಯೆಗೂ ಗೊತ್ತಿತ್ತು. ಮೂಢನಂಬಿಕೆ ಎಂದು ಬಾಗಿಲಲ್ಲಿ ಬುದ್ಧಿ ಹೇಳಿದ ಬಾಯಿಯೇ ಹಿತ್ತಲಲ್ಲಿ ಕೀಲಿಗೆ ಎಣ್ಣೆ ಬಿಡಲು ಹೇಳಿತ್ತು. ಜಂಬವ್ವ ಸಾಯುವಾಗಲೂ ಯಾರೋ ಒಬ್ಬಳು ಇಲ್ಲಿ ಕುಕ್ಕರಗಾಲಲ್ಲಿ ಕುಳಿತು ತುಕ್ಕು ತಿಕ್ಕಿದ್ದಳು. ಹನ್ನೊಂದು ಮಂದಿಗೂ ತಿಕ್ಕಿದ್ದರು.

ಅವಳು ವಾಡೆಯ ಮುಂಬಾಗಿಲಿಗೆ ಬಂದು ಜಗುಲಿಯ ಮೇಲೆ ಕುಳಿತು ಫಲಕದ ನಾಲ್ಕು ಸಾಲು ಬರೆದಳು. ಕಿರಣ್ ಕುಮಾರ್ ಹೇಳಿದ ಹಾಗೆಯೇ, ಒಳ್ಳೆಯ ಕನ್ನಡದಲ್ಲಿ. ಅನ್ನದಾತರು ಎಂಬ ಮಾತನ್ನೂ ಸೇರಿಸಿದಳು. ಕೆಳಗೆ ಸಲಹೆಯೆಂದು ಇನ್ನೊಂದು ಮಾತು ಬರೆದಳು. ಏಳನೆಯ ಹಗೇವಿನ ಸುತ್ತ ಹಳೆಯ ಕಬ್ಬಿಣದ ಮೊಳೆಗಳಿವೆ, ನೋಡುವವರಿಗೆ ಅಸಹ್ಯ, ಮಾಟದ ಜಾಗವೆಂದು ಜನ ಆಡಿಕೊಳ್ಳುತ್ತಾರೆ. ಬರುವ ಶನಿವಾರ ಉದ್ಘಾಟನೆಯ ದಿನ ವಾಡೆಯ ವಾರಸುದಾರರಾದ ತಾವೇ ಅತಿಥಿಗಳ ಮುಂದೆ ಅವನ್ನು ಕಿತ್ತು, ಚಪ್ಪಡಿ ತೆರೆಸಿದರೆ ಒಳ್ಳೆಯ ಸಂದೇಶ ಹೋಗುತ್ತದೆ, ಪತ್ರಿಕೆಯಲ್ಲೂ ಚೆನ್ನಾಗಿ ಬರುತ್ತದೆ. ಒಳಗಿಂದ ಬಂದ ಕಿರಣ್ ಕುಮಾರ್ ನಿಂತಲ್ಲೇ ಓದಿದ. ಓದುತ್ತ ಅವನ ಮುಖ ಅರಳಿತು. ಮೇಡಂ ಬಾಯಿಗೆ ಏನಾಗಿದೆ ಎಂದು ಕೇಳಿದ. ಹಲ್ಲುನೋವು ಎಂದು ಅವಳು ಸನ್ನೆ ಮಾಡಿದಳು.

ಶನಿವಾರ ಏಳನೆಯ ದಿನ. ತಾಯಪ್ಪ ಮತ್ತು ಹೊನ್ನೂರಮ್ಮ ಎರಡೂ ಕಡೆ ಹಿಡಿದು ಅವಳನ್ನು ಬಯಲಿಗೆ ಕರೆತಂದರು. ಶಾಮಿಯಾನ ಹಾಕಿತ್ತು. ಹಂಪಿಯಿಂದ ಬಂದ ಪ್ರವಾಸಿಗರು, ಪತ್ರಿಕೆಯವರು, ಊರ ಹಿರಿಯರು ಕುರ್ಚಿಯಲ್ಲಿ ಕುಳಿತಿದ್ದರು. ಕೇರಿಯವರು ಜಾಲಿಯ ಆಚೆ ನಿಂತಿದ್ದರು. ಹನ್ನೆರಡು ಗಂಟೆಗೆ ಕಿರಣ್ ಕುಮಾರ್ ರೇಷ್ಮೆಯ ಜುಬ್ಬಾದ ತೋಳು ಮಡಿಸಿದ. ಈ ಊರಿನ ಕುರುಡು ನಂಬಿಕೆಯನ್ನು ಇವತ್ತು ಬೇರುಸಹಿತ ಕೀಳುತ್ತೇನೆ ಎಂದು ಮೈಕಿನಲ್ಲಿ ಹೇಳಿದ. ಜನ ಚಪ್ಪಾಳೆ ತಟ್ಟಿದರು. ಅವನು ಬಗ್ಗಿ ಮೊದಲ ಕೀಲು ಹಿಡಿದ.

ಹಾರೆ ಬೇಕಾಗಲಿಲ್ಲ. ಹಸಿಮಣ್ಣಿನಿಂದ ಮೂಲಂಗಿ ಬರುವ ಹಾಗೆ ಬಂತು.

ಸುಷ್ಮಿತಾಳ ಕಿವಿಯ ಹಿಂದೆ ಏನೋ ಸಡಿಲವಾಯಿತು.

ಎರಡನೆಯದು. ಮೂರನೆಯದು. ವಾಡೆಯ ಅಡುಗೆಮನೆಯಿಂದ ಶಾಂತಕ್ಕ ಬರಿಗಾಲಲ್ಲಿ ಓಡಿಬಂದಳು, ಕೈಗೆಲ್ಲ ಹಿಟ್ಟು. ಕೀಳಬ್ಯಾಡೋ ಎಂದು ಮಗನ ತೋಳು ಜಗ್ಗಿದಳು. ಅತಿಥಿಗಳು ನಕ್ಕರು. ಕಿರಣ್ ಕುಮಾರ್ ನಾಚಿಕೆಯಿಂದ ಕೆಂಪಾಗಿ, ಅವ್ವನಿಗೆ ವಯಸ್ಸಾಗಿದೆ ಎಂದು ಮೈಕಿನಲ್ಲೇ ಹೇಳಿ ಅವಳನ್ನು ಪಕ್ಕಕ್ಕೆ ಸರಿಸಿದ. ನಾಲ್ಕು. ಐದು. ಶಾಂತಕ್ಕ ಸುತ್ತ ನೋಡಿದಳು. ಜಾಲಿಯ ಆಚೆ ಇಬ್ಬರ ನಡುವೆ ನಿಂತ ಸುಷ್ಮಿತಾಳನ್ನು ಕಂಡಳು. ಬಂದು ಎದುರು ನಿಂತಳು.

“ನೀ ಬರದು ಕೊಟ್ಟಿಯೇನು?”

ಸುಷ್ಮಿತಾ ಹೌದೆಂದು ತಲೆಯಾಡಿಸಿದಳು. ಶಾಂತಕ್ಕ ಅವಳ ಪಾದದ ಮೇಲೆ ಬಿದ್ದಳು. ಮಗನನ್ನು ನಿಲ್ಲಿಸು ಎಂದಳು, ನಿನ್ನ ಮಾತು ಕೇಳುತ್ತಾನೆ ಎಂದಳು. ನಿಲ್ಲಿಸಬಹುದಿತ್ತು. ಕೈಯೆತ್ತಿದರೆ ಸಾಕಿತ್ತು. ಕಿರಣ್ ಕುಮಾರ್ ಇವರ ಕಡೆ ನೋಡುತ್ತ ಕ್ಷಣ ತಡೆದಿದ್ದ, ಆರನೆಯ ಕೀಲಿನ ಮೇಲೆ ಕೈಯಿತ್ತು. ಅವನಿಗೆ ಏನೂ ಗೊತ್ತಿರಲಿಲ್ಲ, ಇದು ಸುಷ್ಮಿತಾಳಿಗೆ ಗೊತ್ತಿತ್ತು. ಅವಳ ಎದೆಯಲ್ಲಿ ಹನ್ನೊಂದು ಹೆಣಗಳು ಸಾಲಾಗಿ ಮಲಗಿದ್ದವು. ಅವಳು ಕೈಯೆತ್ತಲಿಲ್ಲ. ಅವನತ್ತ ನೋಡಿ, ಮುಂದುವರಿಸಿ ಎಂಬಂತೆ ಕಣ್ಣು ಮುಚ್ಚಿ ತೆರೆದಳು.

ಆರು.

ಏಳು.

ನೆಲದೊಳಗಿನಿಂದ ಗಾಳಿ ಬಂತು. ಶಾಮಿಯಾನ ಉಬ್ಬಿತು. ಸದ್ದಿಲ್ಲ. ಜಾಲಿಯ ಒಂದು ಎಲೆಯೂ ಅಲುಗಲಿಲ್ಲ. ಆದರೂ ಗಾಳಿ. ಮುಗ್ಗಿದ ಜೋಳದ ವಾಸನೆ. ಯಾರೋ ಕೆಮ್ಮಿದರು. ಚಪ್ಪಡಿ ತಾನಾಗಿ ಒಂದು ಗೇಣು ಸರಿಯಿತು. ಮೈಕು ಕಿರ್ರೆಂದಿತು. ಏನೋ ದಾಟಿತು. ಕಾಲುಗಳ ನಡುವೆ. ಬಿಸಿಲಿನ ನಡುವೆ. ತೆಳ್ಳಗೆ. ಬೇಗ. ಸುಷ್ಮಿತಾಳ ಬಾಯಿ ತೆರೆದುಕೊಂಡಿತು.

ಬಂದ ಅತಿಥಿಗಳಿಗೆ ಏನೂ ಕಂಡಿರಲಿಲ್ಲ. ಎಲ್ಲರೂ ಊಟಕ್ಕೆ ಹೋದರು. ಕಿರಣ್ ಕುಮಾರ್ ಪತ್ರಿಕೆಯವರ ನಡುವೆ ಕುಳಿತು ರೊಟ್ಟಿ ಮುರಿದು, ಬದನೆಕಾಯಿ ಪಲ್ಯದಲ್ಲಿ ಅದ್ದಿ ಬಾಯಿಗಿಟ್ಟ. ಅಗಿಯುವುದನ್ನು ನಿಲ್ಲಿಸಿದ. ಕೈಗೆ ಉಗುಳಿದ. ಅಂಗೈಯಲ್ಲಿ ಕಪ್ಪು ಮಣ್ಣು. ಏನೋ ಹೇಳಲು ಹೋದ, ಹಲ್ಲಿಗೆ ಹಲ್ಲು ಬಡಿದ ಸದ್ದು ಪಕ್ಕದ ಸಾಲಿನವರಿಗೂ ಕೇಳಿಸಿತು. ನಾಲ್ಕು ಜನ ಅವನನ್ನು ಎತ್ತಿ ಕಾರಿಗೆ ಹಾಕಿಕೊಂಡು ಹೊಸಪೇಟೆಗೆ ಓಡಿದರು.

ಆ ಹೊತ್ತಿಗೆ ಸುಷ್ಮಿತಾ ತಾಯಪ್ಪನ ಮನೆಯಲ್ಲಿ ಗೋಡೆಗೊರಗಿ ಕುಳಿತಿದ್ದಳು. ಹೊನ್ನೂರಮ್ಮ ಅಳುತ್ತ, ನಗುತ್ತ, ಬಿಸಿ ರೊಟ್ಟಿಯೂ ಶೇಂಗಾ ಚಟ್ನಿಯೂ ತಟ್ಟೆಗೆ ಹಾಕಿದಳು. ಮೊದಲ ತುತ್ತು ಗಂಟಲಲ್ಲಿ ಇಳಿದಾಗ ಸುಷ್ಮಿತಾಳ ಕಣ್ಣಲ್ಲಿ ನೀರು ಬಂತು. ಒಂದು ರೊಟ್ಟಿ ಮುಗಿಯಿತು. ಎರಡು. ಮೆಲ್ಲಗ ತಿನ್ನವ್ವ ಎಂದು ತಾಯಪ್ಪ ಬೆನ್ನು ಸವರಿದ. ನಾಲ್ಕು. ಆರು. ಅವಳು ಅಗಿಯುವುದನ್ನು ಬಿಟ್ಟು ನುಂಗತೊಡಗಿದ್ದಳು. ಹೊನ್ನೂರಮ್ಮ ನಗು ನಿಲ್ಲಿಸಿ ಗಂಡನ ಮುಖ ನೋಡಿದಳು. ಬುಟ್ಟಿ ಖಾಲಿಯಾಯಿತು. ಪಕ್ಕದ ಮನೆಯಿಂದ ತಂದರು. ಹೊಟ್ಟೆ ಬಿಗಿದು ನೋಯುತ್ತಿತ್ತು, ಕೈ ನಿಲ್ಲಲಿಲ್ಲ.

ಕೀಲು ಕಿತ್ತರೆ ಶಾಪ ಎಲ್ಲಿಗೆ ಹೋಗುತ್ತದೆಂದು ಅವರೆಲ್ಲರಿಗೂ ಗೊತ್ತಿತ್ತು. ಹಸಿವು ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳಿಕೊಂಡಿರಲಿಲ್ಲ. ಮಕ್ಕಳಿಗೆಂದು ಕಟ್ಟಿದ ಕಾಳನ್ನೂ ತಾನು ತಿನ್ನದೆ, ಬಾಯಿ ಮುಚ್ಚಿದ ಕತ್ತಲಲ್ಲಿ ನೂರೈವತ್ತು ವರ್ಷ ಕುಳಿತಿದ್ದ ಹುಲುಗಮ್ಮ ಈಗ ಹೊರಗೆ ಬಂದಿದ್ದಳು. ಅವಳಿಗೆ ಗೊತ್ತಿದ್ದದ್ದು ತನ್ನ ಕೂಗಿಗೆ ಓಗೊಟ್ಟವರಲ್ಲಿ ಇನ್ನೂ ಬದುಕಿದ್ದ ಒಂದೇ ಒಂದು ಬಾಯಿ.

ಬಾಗಿಲಲ್ಲಿ ನೆರಳು ಬಿತ್ತು. ಶಾಂತಕ್ಕ. ವಾಡೆಯ ಹೆಂಗಸು ಕೇರಿಯೊಳಗೆ ಕಾಲಿಟ್ಟದ್ದನ್ನು ಅಲ್ಲಿಯವರು ಯಾರೂ ಕಂಡಿರಲಿಲ್ಲ. ಓಣಿಯ ಎರಡೂ ಕಡೆ ಜನ ಎದ್ದು ನಿಂತಿದ್ದರು. ಅವಳ ದವಡೆ ಬಿಗಿದಿತ್ತು, ಗಲ್ಲದ ಮೇಲೆ ಕಪ್ಪು ಮಣ್ಣು ಇಳಿದಿತ್ತು. ಮಡಿಲಲ್ಲಿ ಏಳು ಕೀಲುಗಳಿದ್ದವು. ಅವನ್ನು ತಾಯಪ್ಪನ ಮುಂದೆ ಹಿಡಿದು, ಮತ್ತೆ ಬಡಿಯುವಂತೆ ಸನ್ನೆ ಮಾಡಿದಳು. ತಾಯಪ್ಪ ತನ್ನ ಸುಟ್ಟ ಅಂಗೈ ನೋಡಿಕೊಂಡ. ಆಮೇಲೆ ಕುಂದ್ರಿ ಎಂದ. ಮನೆಗೆ ಬಂದವರಿಗೆ ಏನೂ ಕೊಡದೆ ಕಳಿಸಿ ಗೊತ್ತಿಲ್ಲದ ಹೊನ್ನೂರಮ್ಮ, ಉಳಿದಿದ್ದ ಒಂದು ರೊಟ್ಟಿಯನ್ನು ತಟ್ಟೆಯಲ್ಲಿಟ್ಟು ಅವಳ ಮುಂದೆ ಸರಿಸಿದಳು.

ಶಾಂತಕ್ಕ ರೊಟ್ಟಿಯನ್ನು ನೋಡುತ್ತ ಕುಳಿತಳು. ಸುಷ್ಮಿತಾ ತಲೆಯೆತ್ತಿ ಅವಳ ಮುಖವನ್ನು ಒಮ್ಮೆ ನೋಡಿದಳು. ಆಮೇಲೆ ಕೈ ಚಾಚಿ ಆ ತಟ್ಟೆಯನ್ನೂ ತನ್ನ ಕಡೆಗೆ ಎಳೆದುಕೊಂಡಳು.